ಅಜ್ಜಿ ಕಾಲುಚೀಲ ತುರುಕಿದ್ದು ಯಾಕೆ: ಒಂದು ಮನೆಯ ಗಾಳಿ ಲೆಕ್ಕ ಸರಿಮಾಡಿದ ಪ್ರಕರಣ

ಇಂಗ್ಲೆಂಡಿನ ನಡುಭಾಗದ ಒಂದು ಊರು. 1970ರ ದಶಕದಲ್ಲಿ ಕಟ್ಟಿದ ನಾಲ್ಕು ಬೆಡ್‌ರೂಮಿನ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಂಡನ ತಾಯಿ ಧಾರವಾಡದ ಕಡೆಯವರು. ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಇದ್ದು ಹೋಗುತ್ತಾರೆ. ಆ ಮನೆಯಲ್ಲಿ ಎಲ್ಲರಿಗೂ ಅವರು ಅಜ್ಜಿ, ಹಾಗಾಗಿ ಇಲ್ಲೂ ಅಜ್ಜಿ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮುಟ್ಟಿಲ್ಲ.

ಮನೆಗಳ ಗಾಳಿ ವ್ಯವಸ್ಥೆ ಅಳೆದು ಸರಿಹೊಂದಿಸುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪು ಇದೆ. ಬರೆಯುತ್ತಿರುವುದು ಅದಕ್ಕೇ.

ಮನೆ, ಮಷೀನು

ಎರಡು ವರ್ಷದ ಹಿಂದೆ ಈ ಮನೆಯನ್ನು ಪೂರ್ತಿ ದುರಸ್ತಿ ಮಾಡಿಸಿದ್ದರು. ಹೊರಗೋಡೆಗೆ ಬಿಸಿ ಸೋರದಂತೆ ತಡೆಯುವ ಇನ್ಸುಲೇಶನ್, ಮೂರು ಪದರ ಗಾಜಿನ ಕಿಟಕಿ, ಸಂದಿಗೊಂದಿಗೆಲ್ಲ ಟೇಪು. ಕೊನೆಗೆ ಗಾಳಿ ಸೋರಿಕೆ ಪರೀಕ್ಷೆ ಮಾಡಿಸಿದಾಗ 50 ಪ್ಯಾಸ್ಕಲ್ ಒತ್ತಡದಲ್ಲಿ ಗೋಡೆ, ನೆಲ, ಚಾವಣಿಯ ಪ್ರತಿ ಚದರ ಮೀಟರಿಗೆ ಗಂಟೆಗೆ 2.4 ಘನ ಮೀಟರ್ ಬಂತು. ಹಳೇ ಮನೆಗೆ ಇದು ತುಂಬಾ ಒಳ್ಳೆಯ ಅಂಕಿ. ಆದರೆ ಇಷ್ಟು ಬಿಗಿಯಾದ ಮನೆಗೆ ಗಾಳಿ ತಾನಾಗಿ ಬರುವುದಿಲ್ಲ, ನಾವೇ ತಂದುಕೊಡಬೇಕು. ಅದಕ್ಕೆ ಹೀಟ್ ರಿಕವರಿ ವೆಂಟಿಲೇಶನ್ ಹಾಕಿಸಿದ್ದರು.

ಗೊತ್ತಿಲ್ಲದವರಿಗೆ ಎರಡು ಮಾತು. ಪೆಟ್ಟಿಗೆಯೊಳಗೆ ಎರಡು ಫ್ಯಾನ್ ಇರುತ್ತವೆ. ಒಂದು ಅಡುಗೆಮನೆ, ಬಚ್ಚಲು, ಟಾಯ್ಲೆಟ್‌ನಿಂದ ಬಳಸಿದ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಫಿಲ್ಟರ್ ಮೂಲಕ ಎಳೆದು ಮಲಗುವ ಕೋಣೆ, ಹಾಲ್‌ಗೆ ಕೊಡುತ್ತದೆ. ನಡುವೆ ತೆಳುವಾದ ಹಾಳೆಗಳ ಒಂದು ಕಟ್ಟು. ಹಾಳೆಯ ಆಚೆ ಬೆಚ್ಚಗಿನ ಗಾಳಿ, ಈಚೆ ತಣ್ಣಗಿನ ಗಾಳಿ. ಗಾಳಿ ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಚಾವಣಿಯಲ್ಲಿ ಕಾಣುವ ದುಂಡನೆಯ ವಾಲ್ವ್‌ಗಳನ್ನು ನಾನು ಬಾಯಿ ಅನ್ನುತ್ತೇನೆ: ಕೊಡುವ ಬಾಯಿ, ಎಳೆಯುವ ಬಾಯಿ.

ಎಷ್ಟು ಗಾಳಿ ಬೇಕು ಅನ್ನುವುದಕ್ಕೆ ಇಂಗ್ಲೆಂಡಿನ ಕಟ್ಟಡ ನಿಯಮದ ಎಫ್ ಭಾಗದಲ್ಲಿ ಲೆಕ್ಕ ಇದೆ. ಈಗಿನ ಆವೃತ್ತಿ 2022ರ ಜೂನ್‌ನಲ್ಲಿ ಜಾರಿಗೆ ಬಂತು. ನಾಲ್ಕು ಬೆಡ್‌ರೂಮಿಗೆ ಸೆಕೆಂಡಿಗೆ 37 ಲೀಟರ್. ಅಥವಾ ಚದರ ಮೀಟರಿಗೆ 0.3 ಲೀಟರ್. ಯಾವುದು ಜಾಸ್ತಿಯೋ ಅದು. ಈ ಮನೆ 130 ಚದರ ಮೀಟರ್, ಹಾಗಾಗಿ 39 ಲೀಟರ್. ಅಡುಗೆ, ಸ್ನಾನದ ಹೊತ್ತಿನ ಬೂಸ್ಟ್‌ನಲ್ಲಿ, ಅಂದರೆ ಮಷೀನನ್ನು ಜೋರಾಗಿ ಓಡಿಸುವಾಗ, ಅಡುಗೆಮನೆಯಿಂದ 13, ಬಚ್ಚಲು ಮತ್ತು ಬಟ್ಟೆ ಒಗೆಯುವ ಕೋಣೆಯಿಂದ ತಲಾ 8, ಟಾಯ್ಲೆಟ್‌ನಿಂದ 6 ಲೀಟರ್ ಎಳೆಯಬೇಕು. ಕೊಡುವ ಕಡೆ ವಿನ್ಯಾಸ ಹೀಗಿತ್ತು: ದಂಪತಿಯ ಕೋಣೆಗೆ 10, ಅಜ್ಜಿಯ ಕೋಣೆಗೆ 8, ಮಕ್ಕಳಿಗೆ ಆರಾರು, ಹಾಲ್‌ಗೆ 9.

ಕಾಗದದಲ್ಲಿ ಎಲ್ಲ ಸರಿಯಾಗೇ ಇತ್ತು.

ಯಾರೂ ಮಷೀನಿನ ಮೇಲೆ ದೂರು ಕೊಡಲಿಲ್ಲ

ನನ್ನನ್ನು ಕರೆಸಿದ್ದು ಚಳಿ ಶುರುವಾದ ನವೆಂಬರಿನಲ್ಲಿ. ದೂರುಗಳು ಮೂರು. ಬಚ್ಚಲಿನ ಚಾವಣಿಯಿಂದ ಬೆಳಿಗ್ಗೆ ಹೊತ್ತು ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿಯ ಕೋಣೆಯಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು. ಕೆಳಗೆ ಒಗ್ಗರಣೆ ಹಾಕಿದರೆ ಮೇಲಿನ ಹಾಸಿಗೆಯಲ್ಲೆಲ್ಲ ಇಂಗು, ಮೆಣಸಿನಕಾಯಿ ಘಾಟು. ನೀರಿಗಾಗಿ ಹಂಚಿನ ಕೆಲಸದವರನ್ನು ಎರಡು ಸಲ ಕರೆಸಿ ಹಂಚು ಬದಲಿಸಿದ್ದರು. ಬೂಷ್ಟಿಗೆ ಬಣ್ಣ ಬಳಿಸಿದ್ದರು. ವೆಂಟಿಲೇಶನ್ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. "ಅದು ಓಡ್ತಾ ಇದೆಯಲ್ಲ ಸರ್" ಅಂದರು ಗಂಡ. ಓಡುತ್ತಿತ್ತು, ನಿಜ.

ಮಷೀನು ಕೂರಿಸಿದವರು ಬಿಟ್ಟುಹೋದ ಅಳತೆ ಪಟ್ಟಿ ಕೇಳಿದೆ. 10.0, 8.0, 6.0, 6.0, 9.0. ವಿನ್ಯಾಸದ ಅಂಕಿಯೇ ಅಳತೆಯ ಅಂಕಿ, ಒಂದು ದಶಾಂಶವೂ ಆಚೀಚೆ ಇಲ್ಲ. ನಿಜವಾಗಿ ಅಳೆದವರಿಗೆ ಇಂಥ ದುಂಡನೆಯ ಸಂಖ್ಯೆ ಸಿಗುವುದಿಲ್ಲ. ನಿಮ್ಮ ಮನೆಯ ಪಟ್ಟಿಯೂ ಹೀಗೇ ಇದ್ದರೆ ಇನ್ನೊಮ್ಮೆ ಅಳೆಸಿ.

ನಾನು ಅಳೆದಾಗ ಕೊಡುವ ಬಾಯಿಗಳ ಮೊತ್ತ 22 ಲೀಟರ್, ಎಳೆಯುವ ಬಾಯಿಗಳದು 34. ಅಜ್ಜಿಯ ಕೋಣೆಗೆ 8ರ ಬದಲು 1.5 ಬರುತ್ತಿತ್ತು. ಅಡುಗೆಮನೆಯ ಬಾಯಿ ಒಲೆಯ ನೇರ ಮೇಲಿತ್ತು. ಎಣ್ಣೆ ಜಿಡ್ಡು ಕಟ್ಟಿಕೊಂಡು ಬರೀ 5 ಲೀಟರ್ ಎಳೆಯುತ್ತಿತ್ತು.

22 ಮತ್ತು 34ರ ನಡುವಿನ 12 ಲೀಟರ್ ಎಲ್ಲಿಂದ ಬರಬೇಕು? ಸಂದಿಗಳಿಂದ. ಮನೆಯೇ ಉಸಿರು ಎಳೆದುಕೊಂಡ ಹಾಗೆ ಹೊರಗಿನ ಗಾಳಿಯನ್ನು ಹೀರುತ್ತದೆ. ಆ 12 ಲೀಟರಿಗೆ ಮಷೀನಿನ ಬಿಸಿ ಸಿಕ್ಕಿರುವುದಿಲ್ಲ. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದ್ದರೆ ಅದನ್ನು ಬೆಚ್ಚಗೆ ಮಾಡಲು ಸುಮಾರು 290 ವ್ಯಾಟ್ ಬೇಕು, ಹಗಲೂ ರಾತ್ರಿ. ಬಿಸಿ ಉಳಿಸೋಕೆ ತಂದ ಮಷೀನು ಬಿಸಿಯನ್ನು ಹೊರಗೆ ಸಾಗಿಸುತ್ತಿತ್ತು.

ಅಟ್ಟ ಹತ್ತಿದೆ. ಮಷೀನು ಇದ್ದದ್ದು ಇನ್ಸುಲೇಶನ್ನಿನ ಮೇಲ್ಗಡೆ, ಅಂದರೆ ಹೊರಗಿನಷ್ಟೇ ಚಳಿ ಇರುವ ಅಟ್ಟದಲ್ಲಿ. ಅಲ್ಲಿಂದ ಎಲ್ಲ ಕಡೆಗೂ ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ಡಕ್ಟ್ (ಬಾಗುವ ಗಾಳಿಕೊಳವೆ) ಹರಡಿತ್ತು, ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಅಲ್ಲಲ್ಲಿ ಜೋತುಬಿದ್ದಿತ್ತು. ಬಚ್ಚಲಿನಿಂದ ಬರುವ ಡಕ್ಟ್‌ನ ಹೊಟ್ಟೆಗೆ ಕೈಕೊಟ್ಟು ಎತ್ತಿದೆ. ಭಾರ ಇತ್ತು. ಒಳಗೆ ಗುಳುಗುಳು ಅಂತು. ಕೆಳಗೆ ಬಕೆಟ್ ಹಿಡಿದು ಬಗ್ಗಿಸಿದರೆ ಒಂದು ದೊಡ್ಡ ಲೋಟದಷ್ಟು ನೀರು.

ತೊಟ್ಟಿಕ್ಕುತ್ತಿದ್ದುದು ಮಳೆನೀರಲ್ಲ, ಮನೆಯವರದೇ ಸ್ನಾನದ ಹಬೆ. 21 ಡಿಗ್ರಿಯ, ನೂರಕ್ಕೆ 60ರಷ್ಟು ತೇವದ ಗಾಳಿ 13 ಡಿಗ್ರಿಗೆ ಇಳಿದರೆ ಸಾಕು, ನೀರು ಬಿಡಲು ಶುರುಮಾಡುತ್ತದೆ. ಸ್ನಾನ ಮುಗಿದ ಬಚ್ಚಲಿನ ಗಾಳಿಗೆ ಅಷ್ಟು ಕೆಳಗೆ ಇಳಿಯುವುದೂ ಬೇಡ. ಅಟ್ಟದಲ್ಲಿ 5 ಡಿಗ್ರಿ ಇತ್ತು.

ಅಜ್ಜಿಯ ಕೋಣೆಯ ಡಕ್ಟ್ ಹುಡುಕಿಕೊಂಡು ಮೂಲೆಗೆ ತೆವಳಿದೆ. ಅದರ ಮೇಲೆ ಎರಡು ದೊಡ್ಡ ಸೂಟ್‌ಕೇಸ್ ಕೂತಿದ್ದವು, ಏರ್‌ಲೈನ್ ಟ್ಯಾಗ್ ಇನ್ನೂ ಕಿತ್ತಿರಲಿಲ್ಲ. ಅಜ್ಜಿ ಊರಿಂದ ತಂದವು.

ಮೊದಲ ಸಲದ ರಿಪೇರಿ, ನನ್ನ ತಪ್ಪು

ಇಲ್ಲಿ ಎರಡು ದಾರಿ ಇದ್ದವು. ಡಕ್ಟ್ ಪೂರ್ತಿ ಕಿತ್ತು ಹೊಸದು ಹಾಕುವುದು, ಅಥವಾ ಇರುವುದನ್ನೇ ನೇರ ಮಾಡಿ, ಪ್ರತಿ ಬಾಯಿಗೂ ಅದರ ಪಾಲಿನ ಗಾಳಿ ಬರುವ ಹಾಗೆ ಬ್ಯಾಲೆನ್ಸ್ ಮಾಡುವುದು. ದುರಸ್ತಿಗೆ ಆಗಲೇ ಕೈಮೀರಿ ಖರ್ಚು ಮಾಡಿದ್ದ ಕುಟುಂಬ. ನಾನೂ ಕಡಿಮೆ ಖರ್ಚಿನ ದಾರಿಯನ್ನೇ ಹೇಳಿದೆ. ಸೂಟ್‌ಕೇಸ್ ಎತ್ತಿಟ್ಟೆ. ಡಕ್ಟ್ ಎಳೆದು ಪಟ್ಟಿ ಕಟ್ಟಿದೆ, ಹೊಟ್ಟೆ ತೆಗೆದೆ. ಜಿಡ್ಡು ತೊಳೆದೆ. ಕೊಡುವ ಫ್ಯಾನಿನ ವೇಗವನ್ನು ನೂರಕ್ಕೆ 45ರಿಂದ 68ಕ್ಕೆ ಏರಿಸಿ, ಹತ್ತಿರದ ಬಾಯಿಗಳನ್ನು ಕಿರಿದು ಮಾಡಿ, ಗಾಳಿಯನ್ನು ದೂರದ ಅಜ್ಜಿಯ ಕೋಣೆಗೆ ತಳ್ಳಿದೆ.

ಸಂಜೆ ಹೊತ್ತಿಗೆ ಕೊಡುವುದು 38, ಎಳೆಯುವುದು 39. ಅಜ್ಜಿಯ ಕೋಣೆಗೆ 7.6. ಪಟ್ಟಿ ಬರೆದು ಸಹಿ ಹಾಕಿ, ಅವಲಕ್ಕಿ ತಿಂದು, ಖುಷಿಯಾಗಿ ಮನೆಗೆ ಬಂದೆ.

ಹನ್ನೆರಡು ದಿನಕ್ಕೆ ಫೋನ್. ದಂಪತಿಯ ಕೋಣೆಯಲ್ಲಿ ರಾತ್ರಿಯೆಲ್ಲ ಶಿಳ್ಳೆ ಹೊಡೆದ ಹಾಗೆ ಸದ್ದು, ನಿದ್ದೆ ಇಲ್ಲ. ಫ್ಯಾನಿನ ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟಾಗುತ್ತದೆ, ಕರೆಂಟು ಮೂರು ಪಟ್ಟಿಗೂ ಜಾಸ್ತಿ. ಆ ಒತ್ತಡ ಕಿರಿದಾದ ಬಾಯಿಯಲ್ಲಿ ನುಗ್ಗಿದರೆ ಸದ್ದು ಬಂದೇ ಬರುತ್ತದೆ. ಅದು ಗೊತ್ತಿದ್ದೂ ಮಾಡಿದ್ದೆ. ಆದರೆ ಅಳೆದು ಬಿಟ್ಟುಬಂದಾಗ ಇಷ್ಟು ಸದ್ದು ಇರಲಿಲ್ಲವಲ್ಲ?

ಮತ್ತೆ ಹೋಗಿ ಅಳೆದೆ. ದಂಪತಿಯ ಕೋಣೆ 12.5. ಅಜ್ಜಿಯ ಕೋಣೆ 0.8. ಲಾಕ್ ನಟ್ ಸಡಿಲವಾಗಿ ಬಾಯಿ ತಿರುಗಿರಬೇಕು ಅಂದುಕೊಂಡು ಏಣಿ ಹಾಕಿ ನೋಡಿದರೆ, ಬಾಯಿಯ ಸುತ್ತ ಬೂದು ಬಣ್ಣದ ಉಣ್ಣೆ ಇಣುಕುತ್ತಿತ್ತು. ಎಳೆದೆ. ಒಂದು ಕಾಲುಚೀಲ. ಅದರ ಹಿಂದೆ ಅದರ ಜೋಡಿ.

ಮಗನಿಗೆ ಸಿಟ್ಟು ಬಂತು. ಅಜ್ಜಿ ಮಾತ್ರ ಹಾಸಿಗೆಯ ಮೇಲೆ ಆರಾಮಾಗಿ ಕೂತಿದ್ದರು.

"ಹೂಂ, ನಾನ ತುರುಕೀನಿ ತಮ್ಮಾ. ಮೊಮ್ಮಗನ್ನ ಕುರ್ಚಿ ಮ್ಯಾಲೆ ಹತ್ತಿಸಿ ತುರುಕಿಸೀನಿ. ರಾತ್ರಿಯೆಲ್ಲಾ ನೆತ್ತಿಮ್ಯಾಲೆ ತಣ್ಣನ ಗಾಳಿ ಸುರೀತದ."

"ಅಮ್ಮಾ, ಅದು ತಣ್ಣಗಿನ ಗಾಳಿ ಅಲ್ಲ. ಮಷೀನಿನಲ್ಲಿ ಬೆಚ್ಚಗಾಗಿ ಬರುತ್ತೆ" ಅಂದೆ.

"ಹಂಗಾದ್ರ ನೀ ಬಂದು ಇಲ್ಲಿ ಮಲಕೋ."

ಮಲಗಲಿಲ್ಲ. ಆದರೆ ಕಾಲುಚೀಲ ತೆಗೆದ ಬಾಯಿಗೆ ಕೈ ಹಿಡಿದೆ. ನಿಜವಾಗಿಯೂ ತಣ್ಣಗಿತ್ತು. ಆಗ ಹೊಳೆಯಿತು: ಹೋದ ಸಲ ನಾನು ಗಾಳಿ ಎಷ್ಟು ಬರುತ್ತದೆ ಅಂತ ಹತ್ತು ಬಾಯಿಯಲ್ಲೂ ಅಳೆದಿದ್ದೆ, ಎಷ್ಟು ಬೆಚ್ಚಗೆ ಬರುತ್ತದೆ ಅಂತ ಒಂದರಲ್ಲೂ ಅಳೆದಿರಲಿಲ್ಲ. ಥರ್ಮಾಮೀಟರ್ ಬ್ಯಾಗಿನಲ್ಲೇ ಇತ್ತು.

ಆ ದಿನ ಹೊರಗೆ 3 ಡಿಗ್ರಿ, ಒಳಗೆ 21. ಬಚ್ಚಲಿನಿಂದ 21 ಡಿಗ್ರಿಯಲ್ಲಿ ಹೊರಟ ಗಾಳಿ ತಣ್ಣನೆಯ ಅಟ್ಟದಲ್ಲಿ ಓಡಿ ಮಷೀನು ಮುಟ್ಟುವಾಗ 17. ಮಷೀನು ತನ್ನ ಕೆಲಸ ಸರಿಯಾಗೇ ಮಾಡಿ, 3 ಡಿಗ್ರಿಯ ಗಾಳಿಯನ್ನು 15ಕ್ಕೆ ಏರಿಸಿ ಕಳಿಸುತ್ತಿತ್ತು. ಆ 15 ಮತ್ತೆ ಅದೇ ಅಟ್ಟದಲ್ಲಿ ಓಡಿ ಅಜ್ಜಿಯ ನೆತ್ತಿಗೆ ಬರುವಾಗ 13. ಮಷೀನಿನ ಬಾಗಿಲಲ್ಲಿ ಲೆಕ್ಕ ಹಾಕಿದರೆ ಬಿಸಿ ಉಳಿತಾಯ ನೂರಕ್ಕೆ 86. ಕೋಣೆಯಲ್ಲಿ ನಿಂತು ಲೆಕ್ಕ ಹಾಕಿದರೆ 56. ಬ್ರೋಷರ್‌ನಲ್ಲಿ ಮೊದಲನೆಯದನ್ನು ಮಾತ್ರ ಬರೆದಿರುತ್ತಾರೆ.

ಇನ್ನೂ ಒಂದು. ಮೊದಲು ಅಜ್ಜಿಗೆ 1.5 ಲೀಟರ್ ಮಾತ್ರ ಬರುತ್ತಿದ್ದುದರಿಂದ ಚಳಿ ಗೊತ್ತಾಗುತ್ತಿರಲಿಲ್ಲ, ಬೂಷ್ಟು ಬೆಳೆಯುತ್ತಿತ್ತು. ನಾನು ಬಂದು ಸರಿಮಾಡಿದ ಮೇಲೆ 13 ಡಿಗ್ರಿಯ ಗಾಳಿ ಐದು ಪಟ್ಟು ಸುರಿಯತೊಡಗಿತು. ಪಟ್ಟಿಯಲ್ಲಿ ಪಾಸ್, ಹಾಸಿಗೆಯಲ್ಲಿ ಫೇಲ್. ಅವರು ಬಾಯಿ ಮುಚ್ಚಿಸಿದ್ದರಲ್ಲಿ ಆಶ್ಚರ್ಯ ಏನಿದೆ. ಒಂದು ಬಾಯಿ ಮುಚ್ಚಿದರೆ ಅದರ ಗಾಳಿ ಉಳಿದ ಬಾಯಿಗಳಿಗೆ ನುಗ್ಗುತ್ತದೆ. ಶಿಳ್ಳೆ ಜೋರಾದದ್ದು ಹೀಗೆ.

ಎರಡನೇ ಸಲ

ಗಂಡನ ಸಲಹೆ: ಅಮ್ಮನ ಡಕ್ಟ್‌ಗೆ ಒಂದು ಚಿಕ್ಕ ಕರೆಂಟ್ ಹೀಟರ್ ಹಾಕಿಬಿಡೋಣ. ನಾನು ಬೇಡ ಅಂದೆ. ಸೋರುವ ಬಿಂದಿಗೆಗೆ ಇನ್ನೊಂದು ನಲ್ಲಿ ಹಾಕಿದ ಹಾಗಾಗುತ್ತದೆ. ಮಷೀನನ್ನೇ ಕೆಳಗಿನ ಕಪಾಟಿಗೆ ಇಳಿಸುವುದು ಸರಿಯಾದ ದಾರಿ. ಆದರೆ ಅವರಿಗೆ ಅಷ್ಟು ಜಾಗ ಇರಲಿಲ್ಲ. ಕೊನೆಗೆ ನಡುವಿನ ದಾರಿ ಹಿಡಿದೆವು. ಮೊದಲ ಸಲದ ನನ್ನ ಕೂಲಿಯನ್ನು ಇದರಲ್ಲಿ ಮುರಿದುಕೊಂಡೆ.

ಅಟ್ಟದಲ್ಲಿದ್ದ ಫ್ಲೆಕ್ಸಿಬಲ್ ಡಕ್ಟ್ ಎಲ್ಲ ಕಿತ್ತು ಹಾಕಿದೆವು. ಅದರ ಬದಲು ಒಳಗೆ ನುಣುಪಾಗಿರುವ, 75 ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ ಡಕ್ಟ್. ಮಷೀನಿನ ಹತ್ತಿರ ಗಾಳಿ ಹಂಚುವ ಒಂದು ಹಂಚುಪೆಟ್ಟಿಗೆ, ಅಲ್ಲಿಂದ ಪ್ರತಿ ಬಾಯಿಗೂ ಬೇರೆಬೇರೆ ಸಾಲು. ಇಂಥ ಒಂದು ಸಾಲಿನಲ್ಲಿ 8 ಲೀಟರಿಗಿಂತ ಜಾಸ್ತಿ ಕಳಿಸದಿದ್ದರೆ ಸದ್ದಿರುವುದಿಲ್ಲ. ಅದಕ್ಕಿಂತ ಜಾಸ್ತಿ ಬೇಕಾದ ಅಡುಗೆಮನೆ, ಹಾಲ್, ದಂಪತಿಯ ಕೋಣೆಗೆ ಎರಡೆರಡು ಸಾಲು. ಮುಖ್ಯವಾದ ಬದಲಾವಣೆ ಏನೆಂದರೆ ಸಾಲುಗಳನ್ನು ಇನ್ಸುಲೇಶನ್ನಿನ ಮೇಲೆ ಬಿಡದೆ, ಚಾವಣಿಯ ಹಲಗೆಗೆ ಅಂಟಿಸಿ, ಮೇಲೆ 300 ಮಿಲಿಮೀಟರ್ ಇನ್ಸುಲೇಶನ್ ಹೊದಿಸಿದೆವು. ಕಂಬಳಿ ಹೊದ್ದು ಮಲಗಿದ ಹಾಗೆ. ಮಷೀನು, ಹಂಚುಪೆಟ್ಟಿಗೆ ಸುತ್ತ ಇನ್ಸುಲೇಶನ್ ಹಲಗೆಯ ಗೂಡು, ಫಿಲ್ಟರ್ ತೆಗೆಯಲು ಬಾಗಿಲು. ಮಷೀನಿನ ನೀರು ಹೋಗುವ ಕೊಳವೆಯನ್ನು ಸೂರಿನ ಮೂಲಕ ಹೊರಗೆ ಬಿಟ್ಟಿದ್ದರು, ಹಿಮ ಬಿದ್ದ ದಿನ ಅದು ಹೆಪ್ಪುಗಟ್ಟಿ ಮುಚ್ಚಿಹೋಗುತ್ತಿತ್ತು. ಅದನ್ನು ಒಳಗಿನ ದೊಡ್ಡ ಪೈಪಿಗೆ ಸೇರಿಸಿದೆವು.

ಅಜ್ಜಿಯ ಕೋಣೆಯ ಬಾಯಿಯನ್ನು ತಲೆದಿಂಬಿನ ಮೇಲಿಂದ ತೆಗೆದು, ಬಾಗಿಲಿಗೆ ಎದುರು ಮೂಲೆಗೆ, ಬೂಷ್ಟು ಹಿಡಿದಿದ್ದ ಕಪಾಟಿನ ಹತ್ತಿರ ಕೂರಿಸಿದೆವು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆವು. ಅಡುಗೆಮನೆಯ ಬಾಯಿ ಒಲೆಯಿಂದ ಎರಡು ಮೀಟರ್ ದೂರ ಹೋಯಿತು. "ಒಲೆ ಮೇಲಿನ ಹುಡ್ ಅನ್ನೇ ಇದಕ್ಕೆ ಸೇರಿಸಿಬಿಡಿ, ಒಗ್ಗರಣೆ ಘಾಟು ನೇರ ಹೋಗುತ್ತೆ" ಅಂತ ಹೆಂಡತಿ ಕೇಳಿದರು. ನಮ್ಮ ಜನರ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಸೇರಿಸಬಾರದು. ಎಣ್ಣೆ ಹೋಗಿ ಡಕ್ಟ್‌ನಲ್ಲಿ, ಆ ತೆಳು ಹಾಳೆಗಳಲ್ಲಿ ಕೂತರೆ ತೆಗೆಯುವುದು ಕಷ್ಟ, ಬೆಂಕಿಯ ಭಯ ಬೇರೆ. ಹುಡ್‌ನ ಜಾಲರಿಯಲ್ಲೇ ಎಣ್ಣೆ ನಿಲ್ಲಲಿ. ಬಾಣಲೆ ಇಡುವ ಮುಂಚೆಯೇ ಬೂಸ್ಟ್ ಒತ್ತಿ ಅಂದೆ, ಸಾಸಿವೆ ಸಿಡಿದ ಮೇಲೆ ಅಲ್ಲ.

ಬಾಗಿಲುಗಳ ವಿಷಯ ಮೊದಲ ಸಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಲಗುವ ಕೋಣೆಗೆ ಬಂದ ಗಾಳಿ ಬಚ್ಚಲಿಗೆ ಹೋಗಬೇಕಾದರೆ ಬಾಗಿಲ ಕೆಳಗಿನ ಸಂದಿಯಲ್ಲೇ ಹೋಗಬೇಕು. ನಿಯಮದ ಪ್ರಕಾರ 760 ಮಿಲಿಮೀಟರ್ ಅಗಲದ ಬಾಗಿಲಿಗೆ 10 ಮಿಲಿಮೀಟರ್ ಸಂದಿ. ದುರಸ್ತಿಯ ಕೊನೆಗೆ ದಪ್ಪ ಕಾರ್ಪೆಟ್ ಹಾಕಿಸಿದ್ದರಿಂದ ಆ ಸಂದಿ ಪೂರ್ತಿ ಮುಚ್ಚಿಹೋಗಿತ್ತು. ಐದು ಬಾಗಿಲು ಕಳಚಿ ಕೆಳಗೆ ಕೊಯ್ದೆವು.

ಬ್ಯಾಲೆನ್ಸ್ ಮಾಡಿದ್ದು

ಮೊದಲು ಗೊತ್ತು ಮಾಡಿದ ದಿನ ಜೋರು ಗಾಳಿ ಬೀಸುತ್ತಿತ್ತು. ಚಾ ಕುಡಿದು ವಾಪಸ್ ಬಂದೆ. ಹೊರಗಿನ ಗಾಳಿ ಗೋಡೆಗೆ ಒತ್ತುತ್ತಿದ್ದರೆ ಅಂಕಿ ಕುಣಿಯುತ್ತಿರುತ್ತವೆ.

ಎರಡು ದಿನ ಬಿಟ್ಟು ಹೋದೆ. ಹೊಸ ಫಿಲ್ಟರ್, ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಎಲ್ಲ ಬಾಯಿಗಳನ್ನೂ ಪೂರ್ತಿ ತೆರೆದು, ಫ್ಯಾನ್ ಒಂದೇ ವೇಗದಲ್ಲಿ ನಿಲ್ಲಿಸಿದೆ. ಬರೀ ತಿರುಗುವ ಫ್ಯಾನ್ ಮೀಟರ್ ಹಿಡಿದರೆ ಅದೇ ಗಾಳಿಗೆ ಅಡ್ಡ ಬಂದು ಅಂಕಿ ಕಡಿಮೆ ತೋರಿಸುತ್ತದೆ. ಸ್ವಂತ ಫ್ಯಾನ್ ಇರುವ, ಆ ಅಡ್ಡಿಯನ್ನು ತಾನೇ ಸರಿದೂಗಿಸುವ ಹುಡ್ ಮೀಟರನ್ನೇ ನಾನು ಬಳಸುವುದು. ಪ್ರತಿ ಬಾಯಿಯಲ್ಲೂ ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸಿದೆ. ಯಾವ ಬಾಯಿಯ ಪಾಲು ಎಲ್ಲಕ್ಕಿಂತ ಕಡಿಮೆಯೋ ಅದನ್ನು ಮುಟ್ಟಬಾರದು, ಪೂರ್ತಿ ತೆರೆದೇ ಬಿಡಬೇಕು. ಇಲ್ಲಿ ಅದು ಹಾಲ್‌ನದು, 0.71. ಉಳಿದವನ್ನು ಒಂದೊಂದಾಗಿ ಕಿರಿದು ಮಾಡುತ್ತಾ ಅದೇ ಪಾಲಿಗೆ ತರಬೇಕು. ಒಂದನ್ನು ಮುಟ್ಟಿದರೆ ಎಲ್ಲವೂ ಅಲುಗುತ್ತವೆ, ಹಾಗಾಗಿ ಮೂರು ಸುತ್ತು ಬೇಕಾಯಿತು. ಎಲ್ಲ ಒಂದೇ ಪಾಲಿಗೆ ಬಂದ ಮೇಲೆ ಫ್ಯಾನಿನ ವೇಗ ಏರಿಸಿದರೆ ಎಲ್ಲ ಬಾಯಿಗಳೂ ಜೊತೆಗೇ ಏರುತ್ತವೆ. ಹೋದ ಸಲ ನಾನು ಮೊದಲು ವೇಗ ಏರಿಸಿ ಆಮೇಲೆ ಬಾಯಿ ಹಿಸುಕಿದ್ದೆ. ತಲೆಕೆಳಗು ಕೆಲಸ.

ಕೊಡುವ ಫ್ಯಾನ್ ನೂರಕ್ಕೆ 48ಕ್ಕೆ ನಿಂತಿತು. ಮೊದಲು 68 ಇತ್ತಲ್ಲ, ಅದೇ ಗಾಳಿಗೆ. ಕೊಡುವುದು 39.2, ಎಳೆಯುವುದು 38.6. ಲಾಕ್ ನಟ್ ಬಿಗಿದು, ಬಾಯಿ ಎಷ್ಟು ತೆರೆದಿದೆ ಅಂತ ಮಿಲಿಮೀಟರಿನಲ್ಲಿ ಬರೆದು ಮಷೀನಿನ ಗೂಡಿನ ಬಾಗಿಲಿಗೆ ಅಂಟಿಸಿದೆ. ಬಣ್ಣ ಬಳಿಯುವವರು ಬಾಯಿ ಕಳಚಿ ಯಾವುದನ್ನೋ ಎಲ್ಲಿಗೋ ಹಾಕಿ ಹೋಗುವುದು ಮಾಮೂಲು.

ಈ ಸಲ ಥರ್ಮಾಮೀಟರ್ ಮರೆಯಲಿಲ್ಲ. ಹೊರಗೆ 4, ಒಳಗೆ 21, ಅಜ್ಜಿಯ ಬಾಯಿಯಲ್ಲಿ 17.5. ಕೋಣೆಯಲ್ಲಿ ನಿಂತು ಹಾಕಿದ ಲೆಕ್ಕದಲ್ಲೇ ನೂರಕ್ಕೆ 79.

ಅಜ್ಜಿಗೆ ಅಂಕಿ ತೋರಿಸಿ ಪ್ರಯೋಜನ ಇರಲಿಲ್ಲ. ಅವರ ದೇವರ ಮುಂದಿನಿಂದ ಒಂದು ಊದುಬತ್ತಿ ಕೇಳಿ, ಹಚ್ಚಿ, ಮುಚ್ಚಿದ ಬಾಗಿಲ ಕೆಳಗೆ ಹಿಡಿದೆ. ಹೊಗೆ ಒಂದು ಕ್ಷಣ ನೆಟ್ಟಗೆ ಏರಿ, ಆಮೇಲೆ ಬಾಗಿ, ಯಾರೋ ದಾರ ಎಳೆದ ಹಾಗೆ ಸಂದಿಯಲ್ಲಿ ನುಸುಳಿ ಹೊರಗೆ ಹೋಯಿತು. ಅಜ್ಜಿ ಬಗ್ಗಿ ನೋಡಿದರು. "ಅಲ್ಲೋ, ನಮ್ಮ ಮನ್ಯಾಗ ಬೆಳಕಿಂಡಿ ಇದನ್ನ ಮಾಡ್ತಿತ್ತಲ್ಲೋ" ಅಂದರು. ಹೌದು, ಅದೇ ಕೆಲಸ. ಅಲ್ಲಿ ಬಿಸಿ ಉಳಿಸಬೇಕಾದ ತಲೆನೋವು ಇಲ್ಲ ಅಷ್ಟೇ. ಬೆಂಗಳೂರಿನಿಂದ ಗೆಳೆಯರು ಇಂಥ ಮಷೀನು ನಮಗೂ ಬೇಕಾ ಅಂತ ಕೇಳಿದಾಗ ನಾನು ಇದನ್ನೇ ಹೇಳುವುದು: ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸವೇ ಇಲ್ಲದ ಊರಲ್ಲಿ ಉಳಿಸಲು ಬಿಸಿ ಎಲ್ಲಿದೆ? ಧೂಳಿಗೆ ಫಿಲ್ಟರ್ ಬೇಕು ಅನ್ನುವುದು ಬೇರೆ ಮಾತು.

ಆಮೇಲೆ

ಆ ಚಳಿಗಾಲ ಬಚ್ಚಲು ತೊಟ್ಟಿಕ್ಕಲಿಲ್ಲ. ಒರೆಸಿದ ಬೂಷ್ಟು ವಸಂತದವರೆಗೆ ಮತ್ತೆ ಬಂದಿರಲಿಲ್ಲ. ಅಜ್ಜಿಯ ಕೋಣೆಯಲ್ಲಿ ಬೆಳಗಿನ ಜಾವದ ಕಾರ್ಬನ್ ಡೈಆಕ್ಸೈಡ್ ಮೊದಲು ಹತ್ತು ಲಕ್ಷಕ್ಕೆ 2,100 ಇದ್ದದ್ದು 850ಕ್ಕೆ ಇಳಿದಿತ್ತು. ಘಾಟು ಪೂರ್ತಿ ಹೋಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಸೆಕೆಂಡಿಗೆ 13 ಲೀಟರ್ ಯಾವ ಮೂಲೆಗೂ ಸಾಲದು, ಕಿಟಕಿ ತೆರೆಯಲೇಬೇಕು. ಕಿಟಕಿ ತೆರೆದರೆ ಮಷೀನು ಹಾಳಾಗುತ್ತದೆ ಅಂತ ಯಾರೋ ಅವರಿಗೆ ಹೆದರಿಸಿದ್ದರಂತೆ. ಏನೂ ಆಗುವುದಿಲ್ಲ.

ಕೆಳಗಿನ ಟಾಯ್ಲೆಟ್‌ನದು ಮಾತ್ರ ಇನ್ನೂ ಸರಿಹೋಗಿಲ್ಲ. ಬೂಸ್ಟ್‌ನಲ್ಲಿ 6 ಎಳೆಯಬೇಕಾದದ್ದು 4.3 ಎಳೆಯುತ್ತದೆ. ಅದರ ಹಳೇ ಡಕ್ಟ್ ಗೋಡೆಯೊಳಗೆ ಎಲ್ಲೋ ಮಡಚಿಕೊಂಡಿದೆ, ಮೇಲೆ ಹೊಸ ಟೈಲ್ಸ್. ಪಟ್ಟಿಯಲ್ಲಿ 4.3 ಅಂತಲೇ ಬರೆದಿದ್ದೇನೆ. ಮುಂದೆ ಯಾವಾಗಲಾದರೂ ಆ ಟೈಲ್ಸ್ ಕೀಳಿಸಿದರೆ ಮೊದಲು ನನಗೊಂದು ಫೋನ್ ಮಾಡಿ ಅಂತ ಹೇಳಿ ಬಂದಿದ್ದೇನೆ.